ಮಸಿ

ಮೊದಲ ಸಲ ಮಸಿ ಬೆಳಗಿದ್ದು ಕಂಡಾಗ
ನಾನು ನಕ್ಕಿದ್ದೆ.
ಹರಳೆಣ್ಣಿ ದೀಪದ ಮ್ಯಾಲೆ ತಾಟು ಬೋರಲಿಟ್ಟು
ಹಿಡಿದ ಕಾಡಿಗಿ,
ದೃಷ್ಟಿಗಂತ ಅವ್ವ ನನ್ನ ಗಲ್ಲಕ್ಕ ಹಚ್ಚತಿದ್ದಳಲ್ಲ, ಅದ.
ಆಸಿಡ್ಡಿನಾಗ ಹನ್ನೆರಡು ತಾಸು ಕುದ್ದು,
ಸೋಸಿ, ಸೋಸಿ, ಮತ್ತ ಸೋಸಿ
ಕಡೀಕೆ ಚಹಾದ ಬಣ್ಣದ ನೀರಾಗಿ ಕುಂತಿತ್ತು
ಬೆರಳುದ್ದದ ಸೀಸೇದಾಗ.
ದುರ್ಗದಬೈಲಿನಾಗ ಖೊಟ್ಟಿ ನೋಟು ನೋಡೋ ದೀಪ
ನೂರಾ ಇಪ್ಪತ್ತಕ್ಕ ತಂದಿದ್ದೆ.
ಅದನ್ನ ಹಿಡಿದೆ.
ಹಸರು. ಈಗಷ್ಟ ಸುಲಿದ ಕಡ್ಲೀಕಾಳಿನ ಹಸರು.

ಕಮಡೊಳ್ಳಿ ಮೇಡಂ ಮಾತ್ರ ನಗಲಿಲ್ಲ.
"ಬೆಳಗೂದು ದೊಡ್ಡದಲ್ಲ, ದಿಲ್‌ಶಾದ್,
ಯಾವಾಗ ಬೆಳಗಬಾರದು ಅನ್ನೂದು ಕಲಿಸು ಅದಕ್ಕ."

ಕಲಿಸಿದೆ. ಎರಡು ವರ್ಷ.
ಒಂದೊಂದು ಚುಕ್ಕಿಗೂ ಒಂದು ಒಂಟಿ ಎಳಿ ಕಟ್ಟಿದೆ,
ಇಪ್ಪತ್ತೊಂದು ಅಕ್ಷರದ್ದು,
ಕ್ಷಯದ ಜಂತು ತನ್ನ ಮೈಯಾಗ ಬರಕೊಂಡ
ಒಂದು ಸಾಲಿಗೆ ಸರಿಜೋಡಿ.
ಆಮ್ಯಾಲೆ ಗ್ರಾಫೀನಿನ ಹಾಳಿ ಮ್ಯಾಲೆ ಮಲಗಿಸಿದೆ.
ಅದೂ ಇಂಗಾಲನ, ಪೆನ್ಸಿಲ್ಲಿನ ಕುಲದ್ದು;
ತಂಗಿಯ ಕಣ್ಣು ಅಕ್ಕ ಮುಚ್ಚಿದಂಗ
ಚುಕ್ಕಿಯ ಬೆಳಕು ಮುಚ್ಚತೈತಿ.
ಜೋಡಿ ಬಂದರ ಎಳಿ ಎದ್ದು ಹೆಣಕೊಂತೈತಿ,
ಹಾಳಿ ಬಿಡತೈತಿ, ಬೆಳಗತೈತಿ.
ಅಕ್ಷರ ತಪ್ಪಿದವರು ಬಂದರ
ಹೊಳ್ಳಿ ಮಲಗತೈತಿ.

ಎಳಿ ಅಂದರೇನಂತ ನನಗ ಯಾರೂ ಕಲಿಸಬೇಕಿರಲಿಲ್ಲ.
ಹಳೇ ಹುಬ್ಬಳ್ಳಿಯ ನಮ್ಮ ಓಣ್ಯಾಗ
ಅಪ್ಪ ರಾಜೇಸಾಬ ಬಿಲ್ಲು ಹಿಡಿದು
ತಂಯ್ ತಂಯ್ ಅನಿಸಿದರ
ಗಂಟುಗಟ್ಟಿದ ಹಳೀ ಗಾದಿಯ ಹತ್ತಿ
ಎಳಿಎಳಿಯಾಗಿ ಬಿಚ್ಚಿಕೊಂಡು ಹಾರತಿತ್ತು.
ಓಣಿಯ ಮಂದಿ ನಿದ್ದೀ ಮಾಡಿದ್ದು ಅವನ ತೋಳಿನ ಮ್ಯಾಲೆ.
ಹತ್ತಿಯ ಧೂಳು ಹುಬ್ಬಿನ್ಯಾಗ, ಮೀಸ್ಯಾಗ,
ಉಸಿರಿನ್ಯಾಗ.
ಮೂವತ್ತು ವರ್ಷ ಕೆಮ್ಮಿದರೂ
"ಹತ್ತೀದು ಬಿಡವ್ವಾ" ಅಂದಾನ.
ಈ ಸಲದ ಕೆಮ್ಮು ಹತ್ತೀದಲ್ಲ ಅಂತ
ಯಾರು ಹೇಳಿದರು ನನಗ? ಯಾರೂ ಇಲ್ಲ.
ರಾತ್ರಿ ಅಂಗಿ ತೋಯತಿತ್ತು. ಅಷ್ಟ.

ನಿಯಮದಾಗ ಇಲ್ಲ ಇದು.
ಮೇಡಂಗೂ ಹೇಳಿಲ್ಲ.
ಕಫದ ಡಬ್ಬಿ ಮೂರು ಚೀಲದಾಗ ಸುತ್ತಿ
ಚಿಗರಿ ಬಸ್ಸಿನಾಗ ತೊಡಿಮ್ಯಾಲೆ ಇಟಗೊಂಡು ತಂದೆ.
ನವಲೂರು ದಾಟೂತನಾ ಉಸಿರು ಬಿಟ್ಟಿಲ್ಲ.
ಬಾಜೂದಾಕಿ ಕೇಳಿದಳು, "ಊಟದ ಡಬ್ಬಿ ಏನ್ರಿ?"
"ಹೌದ್ರಿ."

ಮಾದರಿ ಹದಿನೇಳು ಅಂತ ಬರದೆ.
ಹೆಸರು ಬರದರ ಕೈ ನಡಗತಾವ.
ಕಾಸಿದೆ, ಜಂತು ಇದ್ದರ ಸಾಯಲಿ ಅಂತ;
ಒಡದೆ; ಜೋಡೆಳಿ ಬಿಚ್ಚಿದೆ,
ಬಿಲ್ಲಿಲ್ಲದ ಪಿಂಜಾರತಿ.
ಚುಕ್ಕಿ ಬೆರಸಿ ಹತ್ತು ನಿಮಿಷ ಆಗಿರಲಿಲ್ಲ,
ಲೈಟ್ ಹೋದ್ವು.
ಯಂತ್ರ ಸತ್ತಿತು, ಫ್ಯಾನು ಸತ್ತಿತು,
ಕೆಲಗೇರಿ ಕೆರೀ ಕಡೆಯ ಕಪ್ಪಿಗಳು ಒಮ್ಮೆಲೇ ಕೇಳಿಸಿದ್ವು.
ಸೀಸೆ ಎತ್ತಿ ಹಿಡಿದು
ನೋಟಿನ ದೀಪದ ಗುಂಡಿ ಮ್ಯಾಲೆ ಬೆರಳಿಟ್ಟೆ.

ಪ್ರತೀ ದುವಾದಾಗೂ ಬೆಳಕು ಬೇಡಿದ ಬಾಯಿ
ಅವತ್ತ ಅಂತು:
ಕತ್ತಲಾಗಿರು.
ಮಸೀನೇ ಮಸಿ, ಮಸಿಯಾಗಿರು.
ನಿನ್ನ ಜೋಡಿ ನಿನಗ ಸಿಗದಿರಲಿ,
ಒಂಟಿಯಾಗಿ ಮಲಗು ನನ್ನವ್ವಾ.

ಮೊದಲು ಏನೂ ಇಲ್ಲ.
ಆಮ್ಯಾಲೆ ತಳದಾಗ, ಒಂದು ಕಡ್ಲೀಕಾಳಿನಷ್ಟ,
ಹಸರು.

ಎಷ್ಟು ಚೆಂದ ಇತ್ತಂದರ
ನನಗ ನಾಚಿಕಿ ಆತು.

ಫೋನು. ಅಪ್ಪ.
"ಇಲ್ಲಿ ಲೈಟ್ ಹೋಗ್ಯಾವವ್ವಾ. ಅಲ್ಲಿ ಬಂದ್ವೇನು?"
"ಬಂದ್ವಪಾ" ಅಂದೆ.
ಅವನ ಕೆಮ್ಮು ಮುಗಿಯೂತನಾ ಕಾದೆ.
"ನಾಳೆ ದುಕಾನ ತಗೀಬ್ಯಾಡ.
ದೊಡ್ಡ ದವಾಖಾನಿಗೆ ಹೋಗೂಣು."
"ಯಾಕ?"
"ನನ್ನ ಸೀಸೆ ಖರೇ ಹೇಳತೈತೋ ಸುಳ್ಳು ಹೇಳತೈತೋ
ಅವರ ಕಡೆ ನೋಡಿಸಬೇಕಾಗೇತಿ."

ಹೊಸಾ ಗಾದಿಯಂಥಾ ಸುಮ್ಮಕಿ.
ಆಮ್ಯಾಲೆ ಅಂದ:
"ಮದುವೀ ಮನಿಯವರ ಗಾದಿ ಅರ್ಧಾ ಆಗೇತಿ.
ಅದೊಂದು ಹೊಲದು ಬರಲೇನು?"